ಹದಿನಾಲ್ಕು ದಿನದ ಸುಳ್ಳು

ಮಳೆ ಬರುತ್ತಿತ್ತು ಎಂದೇ ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ, ಆದರೆ ಈಗ ಅದೂ ಖಾತ್ರಿ ಇಲ್ಲ. ಮೆಟ್ಟಿಲು ಒದ್ದೆಯಾಗಿತ್ತು, ಅಷ್ಟು ನಿಜ. ಒದ್ದೆ ಮೆಟ್ಟಿಲಿನ ಮೇಲೆ ನಮ್ಮ ಅವ್ವ ಒಂದು ಕೈಯಲ್ಲಿ ಚಾಪೆ, ಇನ್ನೊಂದು ಕೈಯಲ್ಲಿ ಸೀರೆಯ ನಿರಿಗೆ ಹಿಡಿದುಕೊಂಡು ಮೂರನೇ ಮಹಡಿಗೆ ಹತ್ತುತ್ತಿದ್ದುದೂ ನಿಜ. ಮಳೆಯನ್ನು ನಾನೇ ಆಮೇಲೆ ಸೇರಿಸಿರಬೇಕು. ಹೋದ ವಾರ ಕಾಚಿಗೂಡದ ನಮ್ಮ ಈಗಿನ ಓಣಿಯಲ್ಲಿ ಮುನಿಸಿಪಾಲಿಟಿಯವರು ಚರಂಡಿಯ ದಂಡೆಗೆ ಬ್ಲೀಚಿಂಗ್ ಪೌಡರ್ ಚೆಲ್ಲಿ ಹೋದರು. ಆ ವಾಸನೆ ಕಿಟಕಿಯಿಂದ ಒಳಗೆ ಬಂದಾಗ ಹೊಳೆಯಿತು: ಮೆಟ್ಟಿಲು ಒದ್ದೆಯಾದದ್ದು ಮಳೆಗಲ್ಲ, ಔಷಧಿ ನೀರಿಗೆ. ನಮ್ಮ ಸುಳ್ಳನ್ನು ನಂಬಿ ಯಾರೋ ಬಂದು ಹೊಡೆದುಹೋದ ಔಷಧಿಗೆ.

ಹೀಗೆ ಒಂದು ಮಳೆ ಕಳೆದುಕೊಂಡೆ. ಉಳಿದದ್ದರಲ್ಲಿ ಎಷ್ಟು ನಿಲ್ಲುತ್ತದೆ ನೋಡೋಣ ಎಂದು ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಲು ಅವ್ವ ಈಗಿಲ್ಲ. ಆಗಿನ ಎದುರುಮನೆಯ ಹುಡುಗಿ ಮೇಘಾ ಇದ್ದಾಳೆ. ಅವಳು ಇದ್ದಾಳೆ ಎಂಬುದೇ ಈ ಬರಹದಲ್ಲಿ ಯಾವ ಅನುಮಾನಕ್ಕೂ ಸಿಗದ ಒಂದೇ ಸಂಗತಿ.

ಕೊರೊನಾ ಬಂದ ಮೊದಲ ವರ್ಷ ಅದು. ನಾವು ಆಗ ಇದೇ ತೆಲುಗು ಊರಿನ ತಾರ್ನಾಕದಲ್ಲಿ, ಯೂನಿವರ್ಸಿಟಿಯ ಹಿಂದಿನ ಗೋಡೆ ಕಾಣುವ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿದ್ದೆವು. ನಾವು ಎಂದರೆ ನಾನು, ಅವ್ವ. ನಾನು ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಬಂದ ಪುಸ್ತಕಗಳನ್ನು ವಿಷಯವಾರು ವಿಂಗಡಿಸಿ, ಬೆನ್ನಿಗೆ ಚೀಟಿ ಅಂಟಿಸಿ, ಎಲ್ಲಿ ಇಡಬೇಕೋ ಅಲ್ಲಿ ಇಡಿಸುವುದು ನನ್ನ ಕೆಲಸ. ಅವ್ವ ಬಾಗಲಕೋಟೆ ಬಿಟ್ಟು ನನ್ನ ಹತ್ತಿರ ಬಂದು ಹನ್ನೆರಡು ವರ್ಷವಾಗಿತ್ತು. ಆದರೂ ಯಾರು ಕೇಳಿದರೂ, "ಎರಡ್ ದಿನ ಇದ್ದು ಹೋಗಾಕ ಬಂದೀನ್ರಿ" ಎನ್ನುತ್ತಿದ್ದಳು.

ಎದುರು ಬಾಗಿಲು ರಾಘಣ್ಣನದು. ನಮ್ಮ ಕಡೆಯವರೇ. ಕೇಂದ್ರ ಸರ್ಕಾರದ ಫ್ಯಾಕ್ಟರಿಯಲ್ಲಿ ಕೆಲಸ. ಅವರ ಹೆಂಡತಿ ಸರೋಜಾ ವೈನಿ, ಒಬ್ಬಳೇ ಮಗಳು ಮೇಘನಾ, ಮತ್ತು ರಾಘಣ್ಣನ ಅಪ್ಪ. ಆ ಅಜ್ಜನನ್ನು ಮೇಘಾ ಮುತ್ಯಾ ಎನ್ನುತ್ತಿದ್ದಳು, ಹಾಗಾಗಿ ಇಡೀ ಕಟ್ಟಡಕ್ಕೆ ಅವರು ಮುತ್ಯಾ. ತೆಲುಗಿನವರೂ ಅವರನ್ನು "ಮುತ್ಯಾಗಾರು" ಎಂದು ಕರೆಯುತ್ತಿದ್ದರು. ಅದು ಅವರ ಹೆಸರೆಂದೇ ತಿಳಿದಿದ್ದರು.

ಮೇಘಾಗೆ ಹದಿನೆಂಟು. ಮೆಡಿಕಲ್ ಸೀಟು ಮೊದಲ ಸಲ ಸಿಗದವರು ಇನ್ನೊಂದು ವರ್ಷ ಕೂತು ಅದೇ ಪರೀಕ್ಷೆಗೆ ಓದುವುದಕ್ಕೆ ಇಲ್ಲಿ ಲಾಂಗ್ ಟರ್ಮ್ ಎನ್ನುತ್ತಾರೆ. ಅವಳಿಗೆ ನಾನು ಮೌಶಿ, ಅವ್ವ ಆಯಿ. ಏನು ಮಾಡುತ್ತೀ ಎಂದು ಕೇಳಿದರೆ ಅವಳು, "ಲಾಂಗ್ ಟರ್ಮ್ ಮೌಶಿ. ಚೆರ್ಲಪಲ್ಲಿ ಜೈಲಿನ್ಯಾಗಲ್ಲ, ಮನ್ಯಾಗ" ಎನ್ನುತ್ತಿದ್ದಳು. ಕೋಣೆ ಅವಳಿಗೂ ಮುತ್ಯಾಗೂ ಒಂದೇ. ಜೀವಶಾಸ್ತ್ರವನ್ನು ಅವರಿಗೆ ಜೋರಾಗಿ ಓದಿ ಹೇಳುತ್ತಿದ್ದಳು, ಅವರು ಕಣ್ಣು ಮುಚ್ಚಿಕೊಂಡು ಹೂಂಗುಟ್ಟುತ್ತಿದ್ದರು. "ನನಗ ಸೀಟ್ ಸಿಗದಿದ್ರೂ ಮುತ್ಯಾಗ ಗ್ಯಾರಂಟಿ ಸಿಗತೈತಿ. ಕಪ್ಪಿ ಹೃದಯದಾಗ ಎಷ್ಟ್ ಖೋಲಿ ಅದಾವು ಅಂತ ನಿದ್ದಿಗಣ್ಣಾಗೂ ಹೇಳ್ತಾನ" ಎಂದು ಅವಳು ಹೇಳಿದ್ದು ನೆನಪಿದೆ.

ಆ ಬೇಸಿಗೆಯಲ್ಲಿ ಮುತ್ಯಾ ಹೋದರು. ಕೊರೊನಾದಿಂದಲ್ಲ, ವಯಸ್ಸಿನಿಂದ. ಊರಿಗೆ ಒಯ್ಯಲಾಗಲಿಲ್ಲ. ಊರಿನವರು ಫೋನಿನಲ್ಲಿ ಮುಖ ನೋಡಿದರು, ಫೋನ್ ಹಿಡಿದು ನಿಂತವಳು ಮೇಘಾ. ಕೈ ಅಲುಗಾಡದಂತೆ ಹಿಡಿದಿದ್ದಳು. ಎಂಥ ಗಟ್ಟಿ ಹುಡುಗಿ ಎಂದು ನಾವೆಲ್ಲ ಮಾತಾಡಿಕೊಂಡೆವು. ನಾನೂ ಆ ಮಾತು ಆಡಿದ್ದೆ.

ಈಗ ಡಬ್ಬಿಯ ವಿಷಯ ಹೇಳಬೇಕು. ಲಾಕ್‌ಡೌನ್ ಶುರುವಾದಾಗ ಮೆಡಿಕಲ್ ಶಾಪಿಗೆ ಹೋಗುವುದೆಂದರೆ ಬಿಸಿಲಲ್ಲಿ ಬಿಳಿ ವೃತ್ತದೊಳಗೆ ನಿಲ್ಲುವುದು, ಪೊಲೀಸರಿಗೆ ಚೀಟಿ ತೋರಿಸುವುದು. ಅದಕ್ಕೆ ಕಟ್ಟಡದ ಎಂಟೂ ಮನೆಯವರು ಉಳಿದಿದ್ದ ಗುಳಿಗೆಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಗೆ ತಂದು ಹಾಕಿದರು. ಡಬ್ಬಿ ನಮ್ಮ ಮನೆಯಲ್ಲಿ, ಏಕೆಂದರೆ ಅವ್ವ ಹಗಲೆಲ್ಲ ಬಾಗಿಲು ತೆರೆದೇ ಇಡುವವಳು. ನಾನು ಮನೆಯಿಂದಲೇ ಲೈಬ್ರರಿಯ ಕೆಲಸ ಮಾಡುತ್ತಿದ್ದೆ. ಡಬ್ಬಿ ನೋಡಿಕೊಳ್ಳುವುದು ಅವ್ವನ ಪಾಲು. ಅವ್ವನಿಗೆ ಇಂಗ್ಲಿಷ್ ಬಾರದು. ಆದ್ದರಿಂದ ಲೈಬ್ರರಿಯ ಅಂಟುಚೀಟಿ ತಂದು ಒಂದೊಂದು ಗುಳಿಗೆ ಪಟ್ಟಿಯ ಮೇಲೂ ಕನ್ನಡದಲ್ಲಿ ಬರೆದು ಅಂಟಿಸಿದೆ. ಜ್ವರ. ಹೊಟ್ಟಿ. ಕೀಲುನೋವು. ಕೆಮ್ಮು. ಆ ಕೆಲಸ ಮಾಡುವಾಗ ನನಗೆ ತುಂಬಾ ಸಮಾಧಾನವಾಗಿತ್ತು. ಊರೆಲ್ಲ ಕಂಗಾಲಾಗಿದ್ದಾಗ ಕನಿಷ್ಠ ಒಂದು ಡಬ್ಬಿ ಸರಿಯಾಗಿತ್ತು.

ಮುತ್ಯಾ ಹೋದ ಮೇಲೆ ಸರೋಜಾ ವೈನಿ ಅವರ ಗುಳಿಗೆಗಳನ್ನು ತಂದರು. "ಹೊರಗ ಒಗ್ಯಾಕ ಮನಸ್ಸು ಬರವಲ್ದು ಶೈಲಾ. ಇಲ್ಲೇ ಇರ್ಲಿ, ಯಾರಿಗಾರ ಆಕ್ಕಾವು." ಅದರಲ್ಲಿ ಡಾಕ್ಟರು ಅವರಿಗೆ ನಿದ್ದೆಗೆಂದು ಬರೆದುಕೊಟ್ಟದ್ದೂ ಇತ್ತು. ಅದಕ್ಕೂ ಚೀಟಿ ಅಂಟಿಸಿದೆ: ನಿದ್ದಿ. ಲೈಬ್ರರಿಯಲ್ಲಿ ಎಲ್ಲರ ಕೈಗೂ ಕೊಡಬಾರದ ಪುಸ್ತಕಕ್ಕೆ ಬೀಗದ ಕಪಾಟು ಇರುತ್ತದೆ. ಇದು ನನಗೆ ಗೊತ್ತಿರದ ವಿಷಯವಲ್ಲ, ನನ್ನ ಹೊಟ್ಟೆಪಾಡೇ ಅದು. ಆದರೂ ಎಲ್ಲದರ ಜೊತೆಗೇ ಇಟ್ಟೆ, ಕೈಗೆ ಸಿಗುವ ಹಾಗೆ.

ಮೇಘಾಗೆ ಕನ್ನಡ ಓದಲು ಬರುವುದಿಲ್ಲ, ಶಾಲೆಯಲ್ಲಿ ಕಲಿತದ್ದು ತೆಲುಗು, ಹಿಂದಿ, ಇಂಗ್ಲಿಷ್; ಹಾಗಾಗಿ ನನ್ನ ಚೀಟಿಗೂ ಅವಳು ಮಾಡಿದ್ದಕ್ಕೂ ಸಂಬಂಧವಿಲ್ಲ ಎಂದು ಬಹಳ ಕಾಲ ಸಮಾಧಾನ ಮಾಡಿಕೊಂಡಿದ್ದೆ. ತೆಲುಗು ಬಂದವರಿಗೆ ನಮ್ಮ ಅಕ್ಷರ ಅರ್ಧಕ್ಕರ್ಧ ತಿಳಿಯುತ್ತದೆ ಎಂಬುದು ಗೊತ್ತಿದ್ದೂ ಆ ಸಮಾಧಾನವನ್ನು ಬಿಟ್ಟುಕೊಡಲಿಲ್ಲ.

ಪರೀಕ್ಷೆ ಒಮ್ಮೆ ಮುಂದೆ ಹೋಯಿತು. ಮತ್ತೆ ಮುಂದೆ ಹೋಯಿತು. ಮೊದಲ ಸಲ ಅವಳು ಬಾಗಿಲಲ್ಲಿ ನಿಂತು, "ಶಿಕ್ಷಾ ಹೆಚ್ಚು ಮಾಡ್ಯಾರ ಮೌಶಿ" ಎಂದು ನಕ್ಕಳು. ಎರಡನೇ ಸಲ ಹೇಳಲು ಬರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಫೋನಿನ ಮುಂದೆ ಕ್ಲಾಸು, ಕ್ಯಾಮೆರಾ ಮುಚ್ಚಿಕೊಂಡು. ಮುತ್ಯಾನ ಮಂಚ ಖಾಲಿ. ತಲೆಗೆ ನೀರು ಹಾಕಿಕೊಳ್ಳುವುದು ಕಡಿಮೆಯಾಯಿತು. ಅವ್ವ ಇದನ್ನು ಗಮನಿಸಿದಳು.

"ಶೈಲಾ, ಆ ಹುಡುಗಿ ನಗೋದು ಬಿಟ್ಟೈತಿ ನೋಡು."

"ಈಗ ಯಾರ್ ನಗಾಕತ್ತಾರ ಅವ್ವ?"

"ನಾ ನಗಾಕತ್ತಿಲ್ಲೇನು?"

"ನೀ ಬಿಡು."

ಈ ಮಾತು ನಡೆದದ್ದು ಆ ಘಟನೆಗೆ ಎಷ್ಟು ದಿನ ಮೊದಲು ಎಂದು ಲೆಕ್ಕ ಹಾಕಲು ನೋಡಿದ್ದೇನೆ. ಒಮ್ಮೊಮ್ಮೆ ಒಂದು ವಾರ ಎನಿಸುತ್ತದೆ. ಒಮ್ಮೊಮ್ಮೆ ಅದರ ಹಿಂದಿನ ದಿನವೇ ಎನಿಸುತ್ತದೆ. ನಾನು ನನ್ನ ಮೇಲೆ ಎಷ್ಟು ಸಿಟ್ಟಾಗಿದ್ದೇನೆ ಎಂಬುದರ ಮೇಲೆ ಅದು ಹತ್ತಿರ ಬರುತ್ತದೆ, ದೂರ ಹೋಗುತ್ತದೆ.

ಆ ಬೆಳಿಗ್ಗೆ ಅವಳು ಬಂದಳು. "ಮೌಶಿ, ಅಮ್ಮಗ ಅಸಿಡಿಟಿ" ಎಂದಳು. ಅವ್ವ ಸ್ನಾನಕ್ಕೆ ಹೋಗಿದ್ದಳು. ನಾನು ಕಂಪ್ಯೂಟರಿನಿಂದ ತಲೆ ಎತ್ತದೆ, "ತಗೋ, ಅಲ್ಲೇ ಐತಿ" ಎಂದೆ. ಅವಳು ಸ್ವಲ್ಪ ಹೊತ್ತು ನಿಂತಿದ್ದಳು ಎಂದು ನನ್ನ ನೆನಪು ಹೇಳುತ್ತದೆ. ಈ ನಿಂತಿದ್ದನ್ನೂ ಮಳೆಯ ಹಾಗೆ ನಾನೇ ಆಮೇಲೆ ಸೇರಿಸಿರಬಹುದು.

ಮಧ್ಯಾಹ್ನದ ಕ್ಲಾಸಿನಲ್ಲಿ ಮೇಷ್ಟ್ರು ಹಾಜರಿ ಕರೆಯುತ್ತಿದ್ದರು. "ಮೇಘನಾ? ವಿನಪಡ್ತುಂದಾ ಅಮ್ಮಾ? ಮೈಕ್ ಆನ್ ಚೆಯ್." ಕೇಳಿಸುತ್ತಿದೆಯಾ ಎಂದು ಫೋನು ಕರೆಯುತ್ತಲೇ ಇತ್ತು, ಉತ್ತರ ಇರಲಿಲ್ಲ. ಅಡುಗೆಮನೆಯಲ್ಲಿದ್ದ ಸರೋಜಾ ವೈನಿ, ಹುಡುಗಿ ಮಲಗಿಬಿಟ್ಟಿದ್ದಾಳೆ ಎಂದು ಬೈಯುತ್ತಾ ಕೋಣೆಗೆ ಹೋದರು. ಮಲಗಿದ್ದಳು. ಎಬ್ಬಿಸಿದರೆ ಏಳಲಿಲ್ಲ. ಪಕ್ಕದಲ್ಲಿ ನನ್ನ ಚೀಟಿ ಅಂಟಿಸಿದ ಪಟ್ಟಿ.

ರಾಘಣ್ಣ ಅಂದು ಮನೆಯಲ್ಲಿದ್ದುದು ನಮ್ಮ ಪುಣ್ಯ. ಕಾರಿನ ಹಿಂದಿನ ಸೀಟಿನಲ್ಲಿ ವೈನಿ ಮತ್ತು ನಾನು, ನಮ್ಮ ತೊಡೆಯ ಮೇಲೆ ಮೇಘಾ. ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಉಡುಪಿನೊಳಗಿನ ಡಾಕ್ಟರು, ತೀರಾ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೇಳಿದ ಮೊದಲ ಪ್ರಶ್ನೆ ಏನು ನುಂಗಿದ್ದಾಳೆ ಎಂದು. ನಾನು ಪಟ್ಟಿ ಮುಂದೆ ಹಿಡಿದೆ. ಗುಳಿಗೆಯ ಹೆಸರಿನ ಮೇಲೆ ಸರಿಯಾಗಿ ನನ್ನ ಚೀಟಿ ಕೂತಿತ್ತು. "ಯೇ ಕ್ಯಾ ಲಿಖಾ ಹೈ?" ಇದೇನು ಬರೆದಿದೆ ಎಂದರು. ನರ್ಸ್ ಎರಡೆರಡು ಗ್ಲೌಸಿನ ಬೆರಳಲ್ಲಿ ಕೆರೆಯತೊಡಗಿದಳು. ಲೈಬ್ರರಿಯ ಅಂಟು, ಹತ್ತಾರು ವರ್ಷ ಬೀಳಬಾರದೆಂದೇ ಮಾಡಿದ್ದು. ಚೂರು ಚೂರಾಗಿ ಬಂತು, ಅದರ ಜೊತೆ ಅಕ್ಷರಗಳೂ ಕಿತ್ತುಬಂದವು. ನನ್ನ ನೆನಪಿನಲ್ಲಿ ಅದು ಹತ್ತು ನಿಮಿಷ. ರಾಘಣ್ಣ ಆಮೇಲೆ, "ಒಂದ್ ನಿಮಿಷಾನೂ ಆಗ್ಲಿಲ್ಲ, ಅಷ್ಟೊತ್ತಿಗೆ ಅವರು ಕೆಲಸ ಶುರು ಮಾಡಿದ್ರಲ್ಲ" ಎಂದರು. ಅವರು ಒಳ್ಳೆಯ ಮನುಷ್ಯ. ಹಾಗೆ ಹೇಳಲಿಕ್ಕೂ ಸಾಕು.

ಮೇಘಾ ಉಳಿದಳು. ಸಂಜೆಯ ಹೊತ್ತಿಗೆ ಕಣ್ಣು ಬಿಟ್ಟಳು. ತಪ್ಪಿ ಹೆಚ್ಚು ನುಂಗಿದಳು ಎಂದು ಕಾಗದದಲ್ಲಿ ಬರೆಸಿದೆವು. ಮರುದಿನ ಬೆಳಿಗ್ಗೆ ಮನೆಗೆ ಕಳಿಸುವಾಗ ಆ ಡಾಕ್ಟರು ವೈನಿಯ ಮೊಣಕೈ ಹಿಡಿದುಕೊಂಡು, "ಬಚ್ಚೀ ಕೋ ಅಕೇಲೀ ಮತ್ ಛೋಡೋ ಅಮ್ಮಾ" ಎಂದರು. ಒಬ್ಬಳನ್ನೇ ಬಿಡಬೇಡಿ. ಒಂದು ಹಾಳೆಯಲ್ಲಿ ಕೌನ್ಸೆಲರ್ ನಂಬರು ಬರೆದುಕೊಟ್ಟರು. ಮನೆಯಲ್ಲಿರುವ ಗುಳಿಗೆಗಳಿಗೆಲ್ಲ ಬೀಗ ಹಾಕಿ ಎಂದರು. ನಾನು ನೆಲ ನೋಡುತ್ತಾ ನಿಂತಿದ್ದೆ.

ಕಟ್ಟಡದ ಗೇಟಿನಲ್ಲಿ ಸೆಕ್ರೆಟರಿ ರಾವುಗಾರು ನಿಂತಿದ್ದರು. ನಿವೃತ್ತರು, ಎಲ್ಲರ ಕಷ್ಟಕ್ಕೂ ಮೊದಲು ಬರುವವರು, ಆದ್ದರಿಂದ ಎಲ್ಲರಿಗೂ ಅವರನ್ನು ಕಂಡರೆ ಸ್ವಲ್ಪ ಭಯ. ಹಿಂದಿನ ದಿನ ಹುಡುಗಿಯನ್ನು ಹೊತ್ತುಕೊಂಡು ಓಡಿದ್ದನ್ನು ಅವರು ಬಾಲ್ಕನಿಯಿಂದ ನೋಡಿದ್ದರು. "ಏಮೈಂದಿ?" ಏನಾಯಿತು ಎಂದರು.

"ಕರೋನಾ ಉಂದಿ ಅಂಟ ಅಂಡಿ."

ಕೊರೊನಾ ಇದೆಯಂತೆ ಎಂಬ ಈ ಮಾತು ಹೇಳಿದವರು ಯಾರು? ರಾಘಣ್ಣ ಎಂದು ನಾನು ಎಷ್ಟೋ ವರ್ಷ ತಿಳಿದಿದ್ದೆ. ವೈನಿ ನಾನೇ ಎನ್ನುತ್ತಾರೆ. ರಾಘಣ್ಣನ ತೆಲುಗು ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ತಿದ್ದಿಸಿಕೊಂಡ ತೆಲುಗು. ನನ್ನ ಕಿವಿಯಲ್ಲಿ ಉಳಿದಿರುವ ಮಾತು ಮಾತ್ರ ಹೀಗೆ ತಡವರಿಸಿದ, ಅಂಗಡಿಯಲ್ಲಿ ಕಲಿತ ತೆಲುಗು. ನಾನೇ ಇರಬೇಕು.

ಆ ತಿಂಗಳುಗಳಲ್ಲಿ ಕೊರೊನಾ ಎಂದರೆ ಜನ ಹೆದರುತ್ತಿದ್ದರು, ಆದರೆ ಯಾಕೆ ಎಂದು ಕೇಳುತ್ತಿರಲಿಲ್ಲ. ನಮಗೆ ಬೇಕಾದದ್ದು ಅಷ್ಟೇ. ಎರಡು ದಿನದಲ್ಲಿ ಗುಣವಾಯಿತು ಎಂದರಾಯಿತು ಎಂದುಕೊಂಡಿದ್ದೆವು. ರಾವುಗಾರು ಎಷ್ಟು ಒಳ್ಳೆಯವರೆಂಬುದನ್ನು ಮರೆತಿದ್ದೆವು. ಅವರ ಕಣ್ಣಲ್ಲಿ ನೀರು ಬಂತು. "ಭಯಪಡಕಂಡಿ. ಪೈನ ಫ್ಲಾಟ್ ಖಾಳೀಗಾ ಉಂದಿ ಕದಾ. ಅಮ್ಮಾಯಿನಿ ಅಕ್ಕಡ ಪೆಡದಾಂ." ಮೂರನೇ ಮಹಡಿಯ ಮನೆಯವರು ಊರಿಗೆ ಹೋಗಿ ತಿಂಗಳಾಗಿತ್ತು, ಬೀಗದಕೈ ರಾವುಗಾರ ಹತ್ತಿರವೇ ಇತ್ತು. ಹುಡುಗಿಯನ್ನು ಅಲ್ಲಿ ಇಡೋಣ, ಹದಿನಾಲ್ಕು ದಿನ, ಅಪ್ಪ ಅಮ್ಮನಿಗೆ ಹತ್ತದಿರಲಿ, ಊಟದ ಜವಾಬ್ದಾರಿ ನಮ್ಮದು ಎಂದರು. ಅಲ್ಲೇ ನಿಂತು ಊರಿನಲ್ಲಿದ್ದವರಿಗೆ ಫೋನ್ ಮಾಡಿ ಒಪ್ಪಿಗೆಯನ್ನೂ ಪಡೆದರು.

ವೈನಿ ತಾನೂ ಹೋಗುತ್ತೇನೆ ಎಂದರು. ನಿಮಗೆ ಬಿಪಿ ಇದೆ, ನೀವು ಹತ್ತಿರ ಹೋಗಲೇಬಾರದು ಎಂದು ರಾವುಗಾರು ಅವರನ್ನು ತಡೆದರು. ಬೇಡ ಎನ್ನಬೇಕಾದರೆ ನಿಜ ಹೇಳಬೇಕಿತ್ತು. ಉಳಿದ ಮನೆಗಳ ಬಾಲ್ಕನಿ ಬಾಗಿಲುಗಳು ಅರ್ಧರ್ಧ ತೆರೆದು ನೋಡುತ್ತಿದ್ದವು. ರಾಘಣ್ಣ ನನ್ನ ಮುಖ ನೋಡಿದರು, ನಾನು ವೈನಿಯ ಮುಖ ನೋಡಿದೆ.  ಒಬ್ಬಳನ್ನೇ ಬಿಡಬೇಡಿ ಎಂದು ಹೇಳಿಸಿಕೊಂಡು ಬಂದು ಅರ್ಧ ಗಂಟೆಯೂ ಆಗಿರಲಿಲ್ಲ, ಅವಳನ್ನು ಖಾಲಿ ಮನೆಯೊಂದಕ್ಕೆ ಕಳಿಸಿ ಬಾಗಿಲು ಹಾಕಿದೆವು. ಮೇಘಾ ತಾನೇ ಮೆಟ್ಟಿಲು ಹತ್ತಿದ್ದಳು. ಕೈಯಲ್ಲಿ ಒಂದು ತಲೆದಿಂಬು ಇತ್ತು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವಳು ಕೇಳುತ್ತಾ ಅವರೆಕಾಯಿ ಸುಲಿಯುತ್ತಿದ್ದಳು. ಅವರೆ ಸಿಗುವ ಕಾಲ ಅದಲ್ಲ, ಬೇರೇನೋ ಇರಬೇಕು. ಏನನ್ನೋ ಸುಲಿಯುತ್ತಿದ್ದಳು.

"ನಿಮ್ಮ ತಲ್ಯಾಗ ಏನೈತಿ?" ಎಂದಳು.

"ಮತ್ತೇನ್ ಮಾಡಬೇಕಿತ್ತವ್ವ? ನಾಳಿ ಆ ಹುಡುಗಿ ಮದುವಿ ಆಗಬೇಕು, ಜನ ಏನಂತಾರ..."

"ನಾಳಿ ಅಂತ ನಾಳಿ. ಮೊದಲ ಆಕಿ ಇವತ್ತಿಂದು ಮುಗಸಲಿ."

ಎದ್ದು ಕೈ ತೊಳೆದುಕೊಂಡು ಬಾಗಿಲ ಹೊರಗೆ ಹೋಗಿ ನಿಂತಳು. ಮುನಿಸಿಪಾಲಿಟಿಯಿಂದಲೋ ರಾವುಗಾರು ಕರೆಸಿದವರೋ, ಇಬ್ಬರು ಬೆನ್ನಿಗೆ ಪಂಪ್ ಕಟ್ಟಿಕೊಂಡು ಮೆಟ್ಟಿಲಿಗೆಲ್ಲ ಔಷಧಿ ಹೊಡೆಯುತ್ತಿದ್ದರು. ರಾವುಗಾರು ಕೆಳಗಿನಿಂದ ಅವರಿಗೆ ಮೂಲೆ ಮೂಲೆ ತೋರಿಸುತ್ತಿದ್ದರು. ಅವ್ವ ಮೆಟ್ಟಿಲ ತಲೆಯಲ್ಲಿ ನಿಂತು ಎರಡು ಸಲ ಕೆಮ್ಮಿದಳು. ಯಾರೂ ನೋಡಲಿಲ್ಲ. ಜೋರಾಗಿ ಕೆಮ್ಮಿದಳು.

"ರಾವುಗಾರೂ! ಮೇರೆಕು ಭೀ ಹೋ ಗಯಾ!"

ನನಗೂ ಬಂತು ಎಂದದ್ದು ಕೇಳಿ ರಾವುಗಾರು ತಲೆ ಎತ್ತಿದರು.

"ಬಾಸ್ ನೈ ಆರಾ. ಬಿಲ್ಕುಲ್ ನೈ ಆರಾ. ಔಷಧಿದೂ ನೈ ಆರಾ."

ವಾಸನೆ ತಿಳಿಯುತ್ತಿಲ್ಲ ಎನ್ನುವುದು ಆಗ ಟಿವಿಯಲ್ಲಿ ದಿನಾ ಹೇಳುತ್ತಿದ್ದ ಲಕ್ಷಣ. ಔಷಧಿ ಹೊಡೆಯುವವರೂ ಒಂದು ಹೆಜ್ಜೆ ಹಿಂದೆ ಸರಿದರು. ಎಪ್ಪತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ಆಸ್ಪತ್ರೆಗೆ ಸೇರಿಸಬೇಕು ಎಂದರು ರಾವುಗಾರು. ಟೆಸ್ಟ್ ಆದರೂ ಮಾಡಿಸಿ ಎಂದರು. ಮೂಗಿನಲ್ಲಿ ಕಡ್ಡಿ ತೂರಿಸಿಕೊಳ್ಳುವುದಿಲ್ಲ ಎಂದು ಅವ್ವ ಹಠ ಹಿಡಿದಳು. "ಮ್ಯಾಲಿನ ಮನಿ ಐತಲ್ಲ, ಹುಡುಗಿ ಸಂಗಾಟ ನಾನೂ ಅಲ್ಲೇ ಬೀಳ್ತೀನಿ. ಇಬ್ರೂ ಕೂಡಿ ಕೆಮ್ಮತೀವಿ." ಇದನ್ನು ನಾನು ಹಿಂದಿಗೆ ತಿರುಗಿಸಿ ಹೇಳಬೇಕಾಯಿತು. ಹೀಗೆ ನನ್ನ ಮೊದಲ ಸುಳ್ಳಿಗೆ ಅವ್ವ ಹಾಕಿದ ತೇಪೆಗೂ ದುಭಾಷಿ ನಾನೇ.

ಅವ್ವ ಚಾಪೆ ಹಿಡಿದುಕೊಂಡು ಹತ್ತಿದ್ದು ಆಗ. ತಿರುವಿನಲ್ಲಿ ನಿಂತು ನನ್ನ ಕಡೆ ನೋಡಿ, "ಆ ಡಬ್ಬಿ ಖಾಲಿ ಮಾಡು" ಎಂದಳು.

ಅವಳ ಕೆಮ್ಮಿನ ಉಪಾಯ ನನಗೇಕೆ ಹೊಳೆಯಲಿಲ್ಲ? ನಾನೂ ಕೆಮ್ಮಬಹುದಿತ್ತು. ವೈನಿ ಅಳುತ್ತಿದ್ದರು, ರಾಘಣ್ಣ ಗಂಡಸರ ಹಾಗೆ ಗೋಡೆ ನೋಡುತ್ತಿದ್ದರು. ನನಗೆ ಅಳುವೂ ಇರಲಿಲ್ಲ.

ಮನೆಯವರಾದ್ದರಿಂದ ನನಗೂ ಹದಿನಾಲ್ಕು ದಿನ ಹೊರಗೆ ಹೋಗುವಂತಿರಲಿಲ್ಲ. ಮೂರನೇ ಮಹಡಿಯ ಆ ಮನೆ ಸರಿಯಾಗಿ ನಮ್ಮ ಮನೆಯ ಮೇಲೆ. ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತಿತ್ತು, ಕಟ್ಟಡದ ಎಲ್ಲ ಮನೆಯ ಅಡುಗೆ ಅದರಲ್ಲಿ ಏರುತ್ತಿತ್ತು. ಕೆಳಗಿನ ಮನೆಯ, ನಾವೆಲ್ಲ ಖಾಲಾ ಎನ್ನುವ ಹೆಂಗಸು ಖಿಚಡಿ, ಅದಕ್ಕೆ ಹುಣಸೆಹುಳಿಯ ಖಟ್ಟಾ ಕಳಿಸುತ್ತಿದ್ದರು. ರಾವುಗಾರ ಹೆಂಡತಿ ಪುಳಿಹೋರ ಕಳಿಸಿದ ದಿನ ಅವ್ವ ಬಾಲ್ಕನಿಗೆ ಬಂದು, "ಭಾಳ ಚಲೋ ಆಗೇತಿ, ಇಂಗು ಒಂದ್ ಸೊಲ್ಪ ಕಡಿಮಿ" ಎಂದು ಕೂಗಿದಳು.

ಆ ಅಮ್ಮನಿಗೆ ಕನ್ನಡ ಸ್ವಲ್ಪ ತಿಳಿಯುತ್ತಿತ್ತು. "ವಾಸನ ತೆಲಿಯಟ್ಲೇದು ಅನ್ನಾರು ಕದಾ?" ವಾಸನೆ ತಿಳಿಯುವುದಿಲ್ಲ ಎಂದಿರಲ್ಲ ಎಂದರು.

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇಂಗಿಂದು ಅಷ್ಟ ಹತ್ತತೈತ್ರಿ" ಎಂದಳು.

ಪಕ್ಕದಲ್ಲಿ ಮೇಘಾ ಇದ್ದಳು. ಅವಳು ನಕ್ಕಳೋ ಇಲ್ಲವೋ ನನಗೆ ಕೆಳಗಿನಿಂದ ಕಾಣಲಿಲ್ಲ. ನಕ್ಕಳು ಎಂದು ಬರೆಯಲು ಕೈ ಹೋಗುತ್ತದೆ. ರಾವುಗಾರು ಅಂದಿನಿಂದ ಟೆಸ್ಟಿನ ಮಾತು ಎತ್ತಲಿಲ್ಲ, ಜ್ವರ ಎಷ್ಟು ಎಂದು ಕೇಳಲೂ ಇಲ್ಲ. ಅವರಿಗೆ ಎಷ್ಟು ಗೊತ್ತಾಗಿತ್ತು ಎಂದು ಯಾರೂ ಕೇಳಿಲ್ಲ.

ಕೌನ್ಸೆಲರ್ ನಂಬರಿಗೆ ಫೋನ್ ಮಾಡಿದ್ದು ಮೂರನೇ ದಿನ. "ಹುಡುಗಿಗೆ ಹುಚ್ಚು ಅಂತ ಆಗತೈತಿ ಶೈಲಾ" ಎಂದು ರಾಘಣ್ಣ ಹಿಂದೆಮುಂದೆ ನೋಡುತ್ತಿದ್ದರು. ಅವ್ವ ಬುಟ್ಟಿಯಲ್ಲಿ ಒಂದು ಚೀಟಿ ಇಳಿಬಿಟ್ಟಳು, ಅವಳ ಸೊಟ್ಟ ಅಕ್ಷರದಲ್ಲಿ: ರಾಘು, ಹಲ್ಲುನೋವಿಗೆ ಹಲ್ಲಿನ ಡಾಕ್ಟರ್ ಹತ್ರ ಹೋಗತೀಯಲ್ಲ, ಹಂಗ ಇದು. ಅವರು ಅಂದೇ ಮಾಡಿದರು. ಆಮೇಲೆ ವಾರಕ್ಕೆ ಮೂರು ಸಲ ಮೇಘಾ ಫೋನಿನಲ್ಲಿ ಮಾತಾಡುತ್ತಿದ್ದಳು. ಆ ಹೊತ್ತಿಗೆ ಅವ್ವ ಬಾಲ್ಕನಿಗೆ ಬಂದು, ಬಾಗಿಲು ಮುಂದೆ ಮಾಡಿ, ಬೆನ್ನು ತಿರುಗಿಸಿ ಕೂರುತ್ತಿದ್ದಳು. ಎದುರಿನ ಕಟ್ಟಡದವರು ನೋಡಿ ಹೇಳಿದ್ದು.

ನನಗೆ ಇದ್ದದ್ದು ಛಾವಣಿ ಮಾತ್ರ. ಅದರ ಕೆಳಗೆ ಕುಳಿತು ಪುಸ್ತಕಗಳ ಪಟ್ಟಿ ಮಾಡುತ್ತಿದ್ದೆ. ಮೇಲೆ ಮಧ್ಯಾಹ್ನವೆಲ್ಲ ಪಟಪಟ ಎಂದು ಏನೋ ಉರುಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಉರುಳುತ್ತಿತ್ತು. ಏನೆಂದು ತಿಳಿಯದೆ ಹೆದರಿದೆ. ಒಡೆದ ಹುಣಸೆಬೀಜ ಎಂದು ನಾಲ್ಕನೇ ದಿನ ಗೊತ್ತಾಯಿತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಚೌಕಾಬಾರಾ ಆಡುತ್ತಿದ್ದರು. ಒಂದು ದಿನ ಬೀಜದ ಸದ್ದಿಲ್ಲ. ಬಹಳ ಹೊತ್ತು ಯಾರೋ ಅಳುವ ಸದ್ದು. ಮೇಘಾ ಎಂದುಕೊಂಡೆ. ಈಗ, ಅದು ಅವ್ವನೇ ಇದ್ದರೂ ಇರಬಹುದು ಎನಿಸುತ್ತದೆ. ಅಂದು ನಾನು ಸ್ಟೂಲ್ ಹತ್ತಿ ಕಿವಿಗೊಟ್ಟು ನಿಂತಿದ್ದೆ. ಮಾತು ಒಂದೂ ಬಿಡಿಬಿಡಿಯಾಗಿ ಕೇಳಿಸಲಿಲ್ಲ.

ಹದಿನಾಲ್ಕನೇ ದಿನ ಇಬ್ಬರೂ ಇಳಿದು ಬಂದರು. ಕೊರೊನಾ ಗೆದ್ದವರಿಗೆ ಮಾಡುವಂತೆ ಮಂದಿ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಮೇಘಾಳ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿತ್ತು. ವೈನಿ ಅವಳನ್ನು ತಬ್ಬಿಕೊಂಡು ಎಲ್ಲರ ಎದುರು ಅತ್ತರು, ರೋಗ ಗುಣವಾದ ಸಂತೋಷಕ್ಕೆ ಎಂದು ಎಲ್ಲರೂ ತಿಳಿದರು. ಅದೇನೂ ಅಂಥ ತಪ್ಪು ತಿಳುವಳಿಕೆಯಲ್ಲ.

ಅಂದು ಊಟಕ್ಕೆ ಕೂತಾಗ ಅವ್ವನನ್ನು ಕೇಳಿದೆ. "ಏನಂದ್ಲವ್ವ ಆಕಿ?"

"ಎಲ್ಲಾ ಹೇಳಿದ್ಲು."

"ಎಲ್ಲಾ ಅಂದ್ರ? ಬೇಕಂತ ಮಾಡಿದ್ಲೋ, ನಿದ್ದಿ ಬರವಲ್ದು ಅಂತ ತಗೊಂಡ್ಲೋ?"

ಅವ್ವ ರೊಟ್ಟಿ ಮುರಿಯುತ್ತಾ ನನ್ನ ಮುಖ ನೋಡಿದಳು. "ನಿನಗ್ಯಾಕ ಬೇಕು? ಚೀಟಿ ಹಚ್ಚಾಕೇನು?"

ಆಮೇಲೆ ನಾನು ಕೇಳಲಿಲ್ಲ. ಅವ್ವ ಇನ್ನೂ ಎರಡು ವರ್ಷ ನನ್ನ ಜೊತೆ ಎರಡು ದಿನಕ್ಕೆಂದು ಇದ್ದು, ಒಂದು ಸಂಕ್ರಾಂತಿಯ ಹಿಂದಿನ ದಿನ ಹೋದಳು. ನಾನು ತಾರ್ನಾಕ ಬಿಟ್ಟು ಕಾಚಿಗೂಡಕ್ಕೆ ಬಂದೆ. ಮೇಘಾ ಆ ವರ್ಷದ ಪರೀಕ್ಷೆ ಬರೆದಳು, ಸೀಟು ಸಿಗಲಿಲ್ಲ. ಫಿಸಿಯೋಥೆರಪಿ ಓದಿ ಈಗ ತಾರ್ನಾಕದಲ್ಲೇ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಾಳೆ. ನನ್ನ ಕುತ್ತಿಗೆ ನೋವಿಗೆ ಅವಳೇ. "ಜೀವನ ಪೂರ್ತಿ ಪುಸ್ತಕದ ಬೆನ್ನು ನೋಡಿ ನೋಡಿ ನಿನ್ನ ಬೆನ್ನು ಹೋತು ನೋಡು ಮೌಶಿ" ಎಂದು ಬೈಯುತ್ತಾ ತಿಕ್ಕುತ್ತಾಳೆ.

ಬ್ಲೀಚಿಂಗ್ ಪೌಡರಿನ ವಾಸನೆ ಬಂದ ಮರುದಿನ ಅವಳ ಕ್ಲಿನಿಕ್ಕಿಗೆ ಹೋದೆ. ಕುತ್ತಿಗೆ ನೋಯುತ್ತಿರಲಿಲ್ಲ. ಮಲಗಿಸಿ, ಕುತ್ತಿಗೆಯ ಕೆಳಗೆ ಬಿಸಿ ಚೀಲ ಇಟ್ಟು, ಅವಳು ಪಕ್ಕದ ಸ್ಟೂಲಿನಲ್ಲಿ ಕೂತಳು. ಛಾವಣಿ ನೋಡುತ್ತಾ ಕೇಳಿದೆ. ಅವಳ ಮುಖ ನೋಡುತ್ತಾ ಕೇಳಲು ನನ್ನಿಂದಾಗುತ್ತಿರಲಿಲ್ಲ.

"ಮೇಘಾ, ಆ ಹದಿನಾಕ್ ದಿನದಾಗ ಅವ್ವಗ ಏನ್ ಹೇಳಿದಿ?"

"ಆಯಿಗಾ? ಏನೂ ಹೇಳಲಿಲ್ಲ."

"ಎಲ್ಲಾ ಹೇಳಿದ್ಲು ಅಂದಿದ್ಲು ಅವ್ವ."

"ಇಲ್ಲ ಮೌಶಿ, ಆಯಿ ಕೇಳಲೇ ಇಲ್ಲ. ನಾನೂ ಹೇಳಲಿಲ್ಲ. ಬರೀ ಚೌಕಾಬಾರಾ. ಎಷ್ಟ್ ಮೋಸ ಮಾಡತಿದ್ಲು ಗೊತ್ತೇನು? ಸೀರಿ ನೆರಗ್ಯಾಗ ಬೀಜ ಇಟ್ಕೊಂತಿದ್ಲು." ಅವಳು ನಕ್ಕಳು. ಈ ನಗು ನಾನು ಸೇರಿಸಿದ್ದಲ್ಲ.

ನಾನು ಡಬ್ಬಿಯ ಮಾತು ತೆಗೆದೆ. ಬೀಗ ಹಾಕದೆ ಇಟ್ಟದ್ದು, ತಲೆ ಎತ್ತದೆ ತಗೋ ಎಂದದ್ದು. ಅದನ್ನು ಹೇಳಿ ಮುಗಿಸುವವರೆಗೆ ಅವಳು ಕಾದಳು. ಹೋಗಲಿ ಬಿಡು ಎನ್ನಲಿಲ್ಲ. "ಹೂಂ, ಹಾಕಬೇಕಿತ್ತು" ಎಂದಳು. ಆಮೇಲೆ ನನ್ನ ಹಣೆಯ ಮೇಲೆ ಕೈ ಇಟ್ಟಳು.

"ನಿದ್ದಿ ಬೇಕಾಗಿತ್ತೇನು ನಿನಗ?" ಎಂದೆ. ಪೂರ್ತಿ ಪ್ರಶ್ನೆ ಬಾಯಿಂದ ಬರಲಿಲ್ಲ, ಅವಳಿಗೆ ತಿಳಿಯಿತು.

"ನಿಜ ಹೇಳಲಾ ಮೌಶಿ? ನನಗೂ ಗೊತ್ತಿಲ್ಲ. ಒಂದೊಂದ್ ಸಲ ನಿದ್ದಿ ಅಷ್ಟ ಬೇಕಿತ್ತು ಅನಸತೈತಿ. ಒಂದೊಂದ್ ಸಲ ಹಂಗಲ್ಲ ಅನಸತೈತಿ. ಮೊದಲ ಮೊದಲ ಯಾವುದು ಅಂತ ಭಾಳ ಹುಡುಕಿದೆ. ಈಗ ಹಂಗ ಏನಾರ ಅನಿಸಾಕ ಹತ್ತಿದ್ರ ಫೋನ್ ಹಚ್ಚತೀನಿ."

"ಯಾರಿಗೆ?"

"ಕೌನ್ಸೆಲರ್‌ಗೆ. ಅಮ್ಮಗ. ಯಾರ್ ಎತ್ತತಾರ ಅವರಿಗೆ. ನಿನಗಲ್ಲ, ನೀ ಎತ್ತೋದಿಲ್ಲ."

"ಇನ್ಮ್ಯಾಗ ಎತ್ತತೀನಿ."

"ನೋಡೂಣು" ಎಂದು ಬಿಸಿ ಚೀಲ ತೆಗೆದಳು.

ಅವ್ವ ಎಲ್ಲಾ ಹೇಳಿದ್ಲು ಎಂದಳು, ಮೇಘಾ ಏನೂ ಹೇಳಲಿಲ್ಲ ಎನ್ನುತ್ತಾಳೆ. ಇಬ್ಬರಲ್ಲಿ ಒಬ್ಬಳು ಇನ್ನೊಬ್ಬಳಿಗಾಗಿ ಸುಳ್ಳು ಹೇಳುತ್ತಿರಬಹುದು. ಅಥವಾ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು, ಹೇಗೆ ಎಂದು ನನಗೆ ತಿಳಿಯುವುದಿಲ್ಲ. ಆ ಹುಡುಗಿ ಯಾಕೆ ಹಾಗೆ ಮಾಡಿದಳು ಎಂಬುದು ನನಗೆ ಗೊತ್ತಿಲ್ಲ. ಬೀಗ ಹಾಕಿದ್ದರೆ ಮಾಡುತ್ತಿರಲಿಲ್ಲವೇ ಎಂಬುದೂ ಗೊತ್ತಿಲ್ಲ. ಆ ಮನೆಯೊಳಗೆ ಅವಳನ್ನು ಬದುಕಿನ ಕಡೆಗೆ ತಿರುಗಿಸಿದ್ದು ಏನು, ಯಾವ ದಿನ, ಯಾರ ಮಾತು, ಅಥವಾ ಮಾತೇ ಅಲ್ಲವೋ, ಅದಂತೂ ನನಗೆ ಏನೇನೂ ಗೊತ್ತಿಲ್ಲ. ನಾನು ಕೆಳಗಿನ ಮನೆಯಲ್ಲಿದ್ದೆ.